ಹೊಳೆ ಬದಿ ಸೈಟು ಕೊಳ್ಳುವ ಮೊದಲು: ಕೊಡಗಿನಲ್ಲಿ ಮನೆ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಫೆಬ್ರವರಿಯಲ್ಲಿ ಕುಶಾಲನಗರದ ಹತ್ತಿರ ಕಾವೇರಿಯನ್ನು ನೋಡಿದರೆ ಪಾಪ ಅನ್ನಿಸುತ್ತದೆ. ಬಂಡೆಗಳೆಲ್ಲ ಎದ್ದು ಕೂತಿರುತ್ತವೆ. ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಆಚೆ ದಡದ ಕಡೆ ನಡೆದೇ ಹೊರಟಿರುತ್ತಾರೆ. ಬ್ರೋಕರುಗಳು ಸೈಟು ತೋರಿಸುವುದೂ ಆಗಲೇ. ಸಮತಟ್ಟು ಜಾಗ, ಟಾರು ರಸ್ತೆ, ಕರೆಂಟ್ ಕಂಬ, ತಂಪು ಗಾಳಿ. "ಹೊಳೆ ಇಲ್ಲೇ ನೂರು ಮೀಟರ್ ಸಾರ್, ಬೆಳಿಗ್ಗೆ ವಾಕಿಂಗಿಗೆ ಚೆನ್ನಾಗಿರುತ್ತೆ" ಅಂತಾರೆ.

ನನ್ನ ಚಿಕ್ಕಪ್ಪ ಅಂಥದ್ದೇ ಒಂದು ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ರಿಟೈರ್ ಆದಾಗ ಬಂದ ದುಡ್ಡೆಲ್ಲ ಅದಕ್ಕೇ ಹೋಯಿತು. 2018ರ ಆಗಸ್ಟಿನಲ್ಲಿ ನೀರು ಒಳಗೆ ಬಂತು. 2019ರ ಆಗಸ್ಟಿನಲ್ಲಿ ಮತ್ತೆ ಬಂತು. ಮೊದಲ ಸಲ ಅವರು ಮುಂಬಾಗಿಲಿಗೆ ಮರಳು ಚೀಲ ಒಟ್ಟಿ ಕಾಯುತ್ತಾ ಕೂತಿದ್ದರು. ನೀರು ಬಂದದ್ದು ಬಚ್ಚಲಿನ ತೂತಿನಿಂದ. ಮೊದಲು ಗುಳುಗುಳು ಶಬ್ದ, ಆಮೇಲೆ ಕಪ್ಪು ನೀರು. ನಾಲ್ಕು ದಿನ ಬಿಟ್ಟು ಬೀಗ ತೆಗೆದಾಗ ಅಡುಗೆಮನೆಯ ಫ್ರಿಜ್ಜು ತೇಲಿಕೊಂಡು ಬಂದು ಹಾಲಿನ ಮಧ್ಯೆ ಅಂಗಾತ ಮಲಗಿತ್ತು. ಅದರ ಮೇಲೊಂದು ಕಪ್ಪೆ.

ಆ ಎರಡು ವರ್ಷ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಸೈಟು ಕೊಳ್ಳುವವರು ಮೊದಲಿನಿಂದ ಓದಿ. ಈಗಾಗಲೇ ಕೊಂಡವರು ಆರನೆಯ ಹಂತಕ್ಕೆ ಹೋಗಿ. ಬೈಕೋಬೇಡಿ.

ಹಂತ 1: ಸೈಟು ಆಗುವ ಮುಂಚೆ ಇಲ್ಲಿ ಏನಿತ್ತು ಅಂತ ಕೇಳಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನೇ ಇಟ್ಟುಕೊಳ್ಳಿ.

ಹೊಳೆ ಉಕ್ಕಿದಾಗ ನೀರು ಪಕ್ಕಕ್ಕೆ ಹರಡಿಕೊಳ್ಳುವ ಜಾಗಕ್ಕೆ ಪುಸ್ತಕದಲ್ಲಿ ಪ್ರವಾಹ ಬಯಲು ಅಂತಾರೆ. ನಮ್ಮಲ್ಲಿ ಬಹುಪಾಲು ಕಡೆ ಅದರ ಹೆಸರು ಗದ್ದೆ. ಹೊಳೆ ಪ್ರತಿ ಮಳೆಗಾಲ ತಂದು ಹರಡಿದ ಮೆಕ್ಕಲು ಮಣ್ಣಿನಿಂದಲೇ ಅದು ಸಮತಟ್ಟಾಗಿದೆ. ಕೊಡಗಿನಂಥ ಗುಡ್ಡದ ಜಿಲ್ಲೆಯಲ್ಲಿ ಅಷ್ಟು ಚೆಂದದ ಸಮತಟ್ಟು ಜಾಗ ಸುಮ್ನೆ ಸಿಗುವುದಿಲ್ಲ. ಅದನ್ನು ಮಟ್ಟ ಮಾಡಿದ್ದು ನೀರು.

ಹಳೆಯ ಐನ್‌ಮನೆಗಳು, ಅಂದರೆ ಕೊಡವರ ಒಕ್ಕಲಿನ ಮೂಲ ಮನೆಗಳು, ಎಲ್ಲಿವೆ ನೋಡಿ. ಗದ್ದೆ ಎದುರಿಗೆ ಕಾಣುತ್ತದೆ, ಮನೆ ಮಾತ್ರ ಮೇಲಿನ ದಿಣ್ಣೆಯಲ್ಲಿ. ದಿನಾ ಹತ್ತಿ ಇಳಿಯುವ ಕಷ್ಟ ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಗದ್ದೆಯಲ್ಲಿ ಭತ್ತ ಬೆಳೆದರೇ ಹೊರತು ಮನೆ ಕಟ್ಟಲಿಲ್ಲ.

ಗದ್ದೆ ಎಷ್ಟು ನೀರು ಹಿಡಿಯುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ. ಒಂದು ಎಕರೆ ಅಂದರೆ 43,560 ಚದರ ಅಡಿ. ಅದರಲ್ಲಿ ಒಂದೇ ಅಡಿ ನೀರು ನಿಂತರೂ 12 ಲಕ್ಷ ಲೀಟರಿಗಿಂತ ಜಾಸ್ತಿ. ಈಗ ಅದೇ ಗದ್ದೆಯಲ್ಲಿ 30–40ರ ಸೈಟು ಮಾಡಿ, ನೀರು ಬರದಿರಲಿ ಅಂತ ನಾಲ್ಕು ಅಡಿ ಮಣ್ಣು ತುಂಬಿಸಿದಿರಿ ಅನ್ನಿ. ಆ ಒಂದು ಸೈಟಿನಿಂದ ಸುಮಾರು 1.36 ಲಕ್ಷ ಲೀಟರ್ ನೀರಿನ ಜಾಗ ಹೋಯಿತು. ಇನ್ನೂರು ಸೈಟಿಗೆ 2.7 ಕೋಟಿ ಲೀಟರ್. ಆ ನೀರು ಮಾಯವಾಗುವುದಿಲ್ಲ, ಮಣ್ಣು ತುಂಬಿಸದ ಪಕ್ಕದ ಮನೆಗೆ ಹೋಗುತ್ತದೆ. ಮುಂದಿನ ವರ್ಷ ಅವರೂ ಮಣ್ಣು ತುಂಬಿಸುತ್ತಾರೆ. ಆಮೇಲೆ ಆಚೆ ಬೀದಿಯವರ ಸರದಿ.

ಏನಿತ್ತು ಅಂತ ಯಾರನ್ನು ಕೇಳಬೇಕು? ಬ್ರೋಕರನ್ನಂತೂ ಅಲ್ಲ. ಚಿಕ್ಕಪ್ಪನ ಬಡಾವಣೆಯ ಹತ್ತಿರ ಸೊಪ್ಪು ಮಾರುವ ಅಜ್ಜಿಯೊಬ್ಬರಿದ್ದಾರೆ. ಎರಡನೇ ಸಲ ನೀರು ಬಂದ ಮೇಲೆ ಅವರು ಹೇಳಿದ್ದು: "ಇಲ್ಲಿ ನಾಟಿ ಮಾಡಿದವಳೇ ನಾನು ಮಗಾ. ಆಶ್ಲೇಷ ಮಳೆಗೆ ತೊಡೆವರೆಗೆ ನೀರು. ನೆಟ್ಟ ಪೈರು ಹೋಗಿ ಮತ್ತೆ ನೆಟ್ಟದ್ದುಂಟು." ಮೊದಲೇ ಯಾಕೆ ಹೇಳಲಿಲ್ಲ ಅಜ್ಜಿ ಅಂದೆ. "ಯಾರು ಕೇಳಿದ್ರು?" ಅಂದರು.

ಹಂತ 2: ನೀರು ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಿ

"ನಮ್ಮ ಕಡೆ ಅಷ್ಟೇನೂ ಮಳೆ ಇಲ್ಲಪ್ಪ" ಅನ್ನುವ ಮಾತು ಕುಶಾಲನಗರದಲ್ಲಿ ಜಾಸ್ತಿ. ಅದು ನಿಜ. ಭಾಗಮಂಡಲದ ಕಡೆ ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರ್ ಮಳೆ ಸುರಿದರೆ, ಕುಶಾಲನಗರದ ಕಡೆ ಅದರ ಕಾಲು ಭಾಗದಷ್ಟೂ ಇಲ್ಲ. ಆದರೆ ಕುಶಾಲನಗರದ ನೆರೆ ಕುಶಾಲನಗರದ ಮಳೆಯಿಂದ ಬರುವುದಲ್ಲ. ಭಾಗಮಂಡಲ, ನಾಪೋಕ್ಲು, ಕಕ್ಕಬ್ಬೆ ಕಡೆ ಸುರಿದದ್ದೆಲ್ಲ ಸಿದ್ದಾಪುರದ ಕರಡಿಗೋಡು, ಗುಹ್ಯ ದಾಟಿ ಇಳಿದು ಬರುತ್ತದೆ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಕಾಲ ಕೆಳಗೆ ನೀರು ಬರಬಹುದು.

ಇನ್ನೊಂದು ಹಾರಂಗಿ. ಹುದುಗೂರಿನ ಅಣೆಕಟ್ಟೆಯಿಂದ ಬಿಟ್ಟ ನೀರು ಕೂಡಿಗೆಯಲ್ಲಿ ಕಾವೇರಿ ಸೇರುತ್ತದೆ. ಕೂಡಿಗೆ ಇರುವುದು ಕುಶಾಲನಗರದ ಕೆಳಗೆ. ಎರಡೂ ಹೊಳೆ ಒಟ್ಟಿಗೆ ತುಂಬಿದರೆ ಅಲ್ಲಿ ಇಬ್ಬರಿಗೂ ದಾರಿ ಸಾಲುವುದಿಲ್ಲ, ಕಾವೇರಿ ನೀರು ಹಿಂದಕ್ಕೆ ನಿಲ್ಲುತ್ತದೆ. "ಇಪ್ಪತ್ತು ಸಾವಿರ ಕ್ಯೂಸೆಕ್ ಬಿಟ್ಟಿದ್ದಾರೆ" ಅಂತ ಸುದ್ದಿ ಓದುತ್ತೀರಲ್ಲ, ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್. ಇಪ್ಪತ್ತು ಸಾವಿರ ಅಂದರೆ ಸೆಕೆಂಡಿಗೆ 5.6 ಲಕ್ಷ ಲೀಟರ್.

ದಕ್ಷಿಣ ಕೊಡಗಿನವರಿಗೆ ಇದೇ ಪಾಠ ಲಕ್ಷ್ಮಣತೀರ್ಥ ಹೊಳೆಯದ್ದು. ಬ್ರಹ್ಮಗಿರಿಯಲ್ಲಿ ಸುರಿದರೆ ಕಾನೂರು, ನಿಟ್ಟೂರು, ಬಾಳೆಲೆ ಕಡೆಯ ಗದ್ದೆಗೆ ನೀರು.

ಹಂತ 3: ಕಾಗದ ಓದಿ, ಆದರೆ ಯಾವ ಕಾಗದ ಏನು ಹೇಳುವುದಿಲ್ಲ ಅಂತಲೂ ಗೊತ್ತಿರಲಿ

ಕನ್ವರ್ಷನ್ ಆಗಿದೆ ಅಂದರೆ ನೀರು ಬರುವುದಿಲ್ಲ ಅಂತಲ್ಲ. ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬಹುದು ಅಂತ ಕೊಟ್ಟ ಅನುಮತಿ ಅದು, ಅಷ್ಟೇ. ಬ್ಯಾಂಕು ಸಾಲ ಕೊಟ್ಟಿತು ಅನ್ನುವುದೂ ಭರವಸೆಯಲ್ಲ. ಬ್ಯಾಂಕಿನ ವಕೀಲರು ನೋಡುವುದು ಜಾಗ ಯಾರದ್ದು ಅಂತ. ಜಾಗ ಹೊಳೆಯದ್ದೂ ಹೌದಾ ಅಂತ ಅವರು ನೋಡುವುದಿಲ್ಲ. ಚಿಕ್ಕಪ್ಪನ ಫೈಲಿನಲ್ಲಿ ಒಂದು ಕಾಗದವೂ ಕಮ್ಮಿ ಇರಲಿಲ್ಲ.

ನೀವು ತರಿಸಬೇಕಾದದ್ದು ಹಳೆಯ ಪಹಣಿ, ಅಂದರೆ ಬಡಾವಣೆ ಆಗುವ ಮುಂಚಿನ ವರ್ಷಗಳದ್ದು. ಅದರಲ್ಲಿ ಮೂರು ಕಡೆ ಬೆರಳಿಟ್ಟು ನೋಡಿ. ಜಮೀನು ಖುಷ್ಕಿಯೋ ತರಿಯೋ? ತರಿ ಅಂತಿದ್ದರೆ ಅದು ಗದ್ದೆ. ಬೆಳೆ ಕಾಲಮಿನಲ್ಲಿ ಭತ್ತ ಇದೆಯಾ? ಫೂಟ್ ಖರಾಬಿನಲ್ಲಿ, ಅಂದರೆ ಸಾಗುವಳಿಗೆ ಬಾರದ ಭಾಗದಲ್ಲಿ, ಬಿ ಖರಾಬ್ ಎಷ್ಟು ಗುಂಟೆ? ಬಿ ಖರಾಬ್ ಅಂದರೆ ದಾರಿ, ತೋಡು (ನೀರು ಹರಿಯುವ ಸಣ್ಣ ಕಾಲುವೆ), ಹಳ್ಳದಂಥ ಸಾರ್ವಜನಿಕ ಜಾಗ. ಪಹಣಿಯಲ್ಲಿ ಐದು ಗುಂಟೆ ಬಿ ಖರಾಬ್ ಇದ್ದು, ಬಡಾವಣೆಯ ನಕ್ಷೆಯಲ್ಲಿ ತೋಡೇ ಕಾಣದಿದ್ದರೆ, ಆ ತೋಡು ಯಾರದೋ ಸೈಟಿನ ಕೆಳಗಿದೆ. ನಿಮ್ಮದೇ ಇರಬಹುದು.

ಆಮೇಲೆ ಗ್ರಾಮ ನಕ್ಷೆ. ಸರ್ವೆ ಇಲಾಖೆಯಿಂದ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೇ ನಿಂತು ಲೊಕೇಶನ್ ಆನ್ ಮಾಡಿದರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ, ಹತ್ತಿರದಲ್ಲಿ ಹಳ್ಳ ಎಲ್ಲಿ ಹಾದುಹೋಗಿದೆ ಅಂತ ತೋರಿಸುತ್ತದೆ. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೋ ಇದ್ದರೆ ಹಳೆಯ ವರ್ಷಗಳ ಚಿತ್ರಗಳನ್ನು ಹಿಂದಕ್ಕೆ ಸರಿಸಿ ನೋಡಿ. ಜುಲೈ–ಆಗಸ್ಟಿನ ಚಿತ್ರ ಹುಡುಕಬೇಡಿ, ಬರೀ ಮೋಡ. ಜನವರಿಯ ಚಿತ್ರದಲ್ಲೇ ಗದ್ದೆಯ ಬದುಗಳು ಸ್ಪಷ್ಟ ಕಾಣುತ್ತವೆ.

ಯೋಜನಾ ಪ್ರಾಧಿಕಾರದಲ್ಲಿ ಮಾಸ್ಟರ್ ಪ್ಲಾನ್ ನೋಡಿ, ಹೊಳೆಯಿಂದ ಎಷ್ಟು ಜಾಗ ಬಿಡಬೇಕು ಅಂತ ಲಿಖಿತವಾಗಿ ಕೇಳಿ. ಪ್ರವಾಹ ಬಯಲನ್ನು ವಲಯ ಮಾಡಿ ಕಟ್ಟಡ ತಡೆಯಿರಿ ಅಂತ ಕೇಂದ್ರ ಸರ್ಕಾರ 1975ರಲ್ಲೇ ಮಾದರಿ ಮಸೂದೆಯೊಂದನ್ನು ರಾಜ್ಯಗಳಿಗೆ ಕಳಿಸಿತ್ತು. ಮಣಿಪುರದಂಥ ಬೆರಳೆಣಿಕೆಯ ರಾಜ್ಯಗಳು ಮಾತ್ರ ಕಾನೂನು ಮಾಡಿದವು. ಹಾಗಾಗಿ ಕಾನೂನು ನೋಡಿಕೊಳ್ಳುತ್ತದೆ ಅಂತ ಕೂರುವಂತಿಲ್ಲ.

ಹಂತ 4: ಗೋಡೆ ಮೇಲಿನ ಗೆರೆ ಹುಡುಕಿ

ನೆರೆ ನೀರು ಹೋದ ಮೇಲೂ ಗೋಡೆ ಮೇಲೆ ಕಂದು ಬಣ್ಣದ ಗೆರೆ ಉಳಿಯುತ್ತದೆ. ಹೊರಗೆ ಬಣ್ಣ ಬಳಿದಿರುತ್ತಾರೆ. ಪಂಪ್‌ಹೌಸ್, ಹಳೇ ಕಾಂಪೌಂಡಿನ ಹಿಂಬದಿ, ದೇವಸ್ಥಾನದ ಕಂಬ, ಸ್ಟೋರ್ ರೂಮಿನ ಮೂಲೆ, ಇಲ್ಲೆಲ್ಲ ನೋಡಿ. ಮುಳ್ಳುತಂತಿಯಲ್ಲಿ ಎದೆ ಎತ್ತರಕ್ಕೆ ಒಣಗಿದ ಹುಲ್ಲು, ಪ್ಲಾಸ್ಟಿಕ್ ಸಿಕ್ಕಿಕೊಂಡಿದ್ದರೆ ಅದನ್ನು ಗಾಳಿ ತಂದದ್ದಲ್ಲ.

ಮನೆ ಮಾರಬೇಕು ಅಂತಿರುವವರನ್ನು ಬಿಟ್ಟು ಉಳಿದವರನ್ನು ಕೇಳಿ. ಬಾಡಿಗೆಗೆ ಇರುವವರು ನಿಜ ಹೇಳುತ್ತಾರೆ. "ನೀರು ಬರುತ್ತಾ?" ಅಂತ ಕೇಳಬೇಡಿ, "ಇಲ್ಲ" ಅಂತಾರೆ. "2019ರಲ್ಲಿ ನೀವು ಎಲ್ಲಿಗೆ ಹೋಗಿದ್ರಿ, ಎಷ್ಟು ದಿನ ಇದ್ರಿ?" ಅಂತ ಕೇಳಿ.

ಬಾಯಿಮಾತು ಸಾಲದು ಅನ್ನಿಸಿದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ 150 ಪದದೊಳಗೆ, ಒಂದೇ ವಿಷಯದ ಬಗ್ಗೆ ಇರಬೇಕು. "ನೆರೆ ನಕ್ಷೆ ಕೊಡಿ" ಅಂದರೆ ಇಲ್ಲ ಅಂತ ಬರಬಹುದು. "2018 ಮತ್ತು 2019ರಲ್ಲಿ ಮನೆಗೆ ನೀರು ನುಗ್ಗಿದ್ದಕ್ಕೆ ಪರಿಹಾರ ಕೊಟ್ಟ ಬಡಾವಣೆ ಮತ್ತು ಬೀದಿಗಳ ಪಟ್ಟಿ" ಅಂತ ತಾಲ್ಲೂಕು ಕಚೇರಿಗೆ ಕೇಳಿ. ಪರಿಹಾರದ ಪಟ್ಟಿಗಿಂತ ಒಳ್ಳೆಯ ನೆರೆ ನಕ್ಷೆ ಇಲ್ಲ.

ಹಂತ 5: ನೀರಿನ ಪೈಪಿನಲ್ಲಿ ಲೆವೆಲ್ ನೋಡಿ

ಇದಕ್ಕೆ ಎಂಜಿನಿಯರ್ ಬೇಡ. ಗಾರೆ ಮೇಸ್ತ್ರಿ ಲೆವೆಲ್ ನೋಡಲು ಬಳಸುವ ಪಾರದರ್ಶಕ ಪೈಪು ಸಾಕು. ಪೈಪಿಗೆ ನೀರು ತುಂಬಿ, ಒಳಗೆ ಗುಳ್ಳೆ ಇಲ್ಲದ ಹಾಗೆ ನೋಡಿಕೊಳ್ಳಿ. ಒಂದು ಗುಳ್ಳೆ ಇದ್ದರೂ ಲೆಕ್ಕ ತಪ್ಪುತ್ತದೆ. ಒಬ್ಬರು ನೆರೆ ಗೆರೆ ಇರುವ ಗೋಡೆಗೆ ಒಂದು ತುದಿ ಹಿಡಿದು ನಿಲ್ಲಲಿ. ಇನ್ನೊಬ್ಬರು ಇನ್ನೊಂದು ತುದಿಯನ್ನು ನಿಮ್ಮ ಸೈಟಿನ ಕಡೆಗಿರುವ ಕಂಬಕ್ಕೋ ಮರಕ್ಕೋ ಹಿಡಿಯಲಿ. ಆ ಕಡೆ ನೀರು ಗೆರೆಗೆ ಸರಿಯಾಗಿ ನಿಂತಾಗ ಈ ಕಡೆ ಎಲ್ಲಿ ನಿಂತಿತೋ ಅಲ್ಲಿ ಸೀಮೆಸುಣ್ಣದ ಗುರುತು. ಅಲ್ಲಿಂದ ಮುಂದಿನ ಕಂಬಕ್ಕೆ. ಹೀಗೆ ಹಂತ ಹಂತವಾಗಿ ಸೈಟಿನವರೆಗೆ ಬನ್ನಿ. ಕೊನೆಯ ಗುರುತು ನಿಮ್ಮ ಮೊಣಕಾಲಿಗೆ ಬಂತೋ ಎದೆಗೆ ಬಂತೋ, ಆ ವರ್ಷ ಅಲ್ಲಿ ನಿಂತಿದ್ದ ನೀರು ಹೆಚ್ಚು ಕಮ್ಮಿ ಅಷ್ಟೇ.

ಒಂದು ಎಚ್ಚರಿಕೆ. ಹರಿಯುವ ಹೊಳೆಯ ಮೇಲ್ಮೈಗೂ ಇಳಿಜಾರು ಇರುತ್ತದೆ. ಒಂದೇ ಬಡಾವಣೆಯೊಳಗೆ ಈ ಲೆಕ್ಕ ಸರಿ, ಕಿಲೋಮೀಟರ್ ದೂರದ ಗೆರೆ ತಂದು ಇಲ್ಲಿಗೆ ಹೊಂದಿಸಬೇಡಿ.

ಈ ಹಂತದಲ್ಲಿ "ಅಂಥ ಮಳೆ ನೂರು ವರ್ಷಕ್ಕೊಮ್ಮೆ ಬರೋದು" ಅಂತ ಒಬ್ಬರಾದರೂ ಹೇಳೇ ಹೇಳುತ್ತಾರೆ. ನೂರು ವರ್ಷಕ್ಕೊಮ್ಮೆ ಅಂದರೆ ಪ್ರತಿ ವರ್ಷವೂ ನೂರರಲ್ಲಿ ಒಂದು ಸಾಧ್ಯತೆ ಅಂತ ಅರ್ಥ. ಒಮ್ಮೆ ಬಂದರೆ ತೊಂಬತ್ತೊಂಬತ್ತು ವರ್ಷ ರಜೆ ಅಂತಲ್ಲ. ಮೂವತ್ತು ವರ್ಷ ಆ ಮನೆಯಲ್ಲಿದ್ದರೆ ಒಮ್ಮೆಯಾದರೂ ಅಂಥ ನೀರು ನೋಡುವ ಸಾಧ್ಯತೆ ಶೇ. 26. ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ನೆರೆಯಾದರೆ ಶೇ. 71. ಚಿಕ್ಕಪ್ಪನ ಮನೆಗೆ ಎರಡು ವರ್ಷದಲ್ಲಿ ಎರಡು ಸಲ ಬಂತು. ಅವರ ಹತ್ತಿರ ಶೇಕಡಾವಾರು ಮಾತಾಡಲು ನನಗೆ ಧೈರ್ಯ ಇಲ್ಲ.

ಲೆಕ್ಕ ಸರಿ ಬರದಿದ್ದರೆ ಬಿಟ್ಟುಬಿಡಿ. ಅಡ್ವಾನ್ಸ್ ಹೋದರೂ ಹೋಗಲಿ. ಹಾಗಂತ ಹೊಳೆಗೆ ಹೆದರಿ ಗುಡ್ಡ ಕಡಿದು ಮಾಡಿದ ಸೈಟಿಗೆ ಓಡಬೇಡಿ. 2018ರಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯಿತು ಅಂತ ಎಲ್ಲರಿಗೂ ಗೊತ್ತು. ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಅದರ ಬುಡದಲ್ಲಿ ಮನೆ ಕಟ್ಟುವುದು ಬೇರೆಯೇ ಥರದ ಅಪಾಯ, ಅದಕ್ಕೆ ಬೇರೆಯೇ ಬರಹ ಬೇಕು.

ಹಂತ 6: ಕೊಂಡಾಗಿದೆ, ಕಟ್ಟಲೇಬೇಕು ಅಂದರೆ

ಮಣ್ಣು ತುಂಬಿಸುವ ಬದಲು ಕಂಬದ ಮೇಲೆ ಎತ್ತರಿಸಿ ಕಟ್ಟಿ. ಕೆಳಗೆ ಖಾಲಿ ಬಿಡಿ. ನೀರು ಬಂದರೆ ಕಂಬಗಳ ನಡುವೆ ಹಾದುಹೋಗಲಿ. ತುಂಬಿಸಿದ ಮಣ್ಣು ವರ್ಷಗಟ್ಟಲೆ ಕೂರುತ್ತಾ ಹೋಗುತ್ತದೆ, ಒಂದು ಮೂಲೆ ಜಾಸ್ತಿ ಕೂತರೆ ಗೋಡೆ ಬಿರುಕು. ಮನೆಯ ನೆಲ ಹಳೆಯ ನೆರೆ ಗೆರೆಗಿಂತ ಎರಡು ಅಡಿಯಾದರೂ ಮೇಲಿರಲಿ. ಗದ್ದೆ ಮಣ್ಣು ಮೆತ್ತಗಿರುವುದರಿಂದ ಮಣ್ಣು ಪರೀಕ್ಷೆ ಮಾಡಿಸದೆ ಪಾಯ ತೆಗೆಯಬೇಡಿ. ಮತ್ತೆ, ಕೆಳಗೆ ಖಾಲಿ ಬಿಟ್ಟ ಜಾಗಕ್ಕೆ ಎರಡು ವರ್ಷದ ನಂತರ ಗೋಡೆ ಎಬ್ಬಿಸಿ ಅಂಗಡಿಗೆ ಬಾಡಿಗೆ ಕೊಡುವ ಆಸೆ ಬರುತ್ತದೆ. ಕೊಟ್ಟರೆ ಇಷ್ಟೆಲ್ಲ ಮಾಡಿದ್ದೂ ದಂಡ.

ಬಚ್ಚಲು, ಕಮೋಡಿನಿಂದ ಹೊರಹೋಗುವ ಪೈಪಿಗೆ ನೀರು ವಾಪಸ್ ಬರದಂತೆ ತಡೆಯುವ ನಾನ್‌ರಿಟರ್ನ್ ವಾಲ್ವ್ ಹಾಕಿಸಿ. ಚಿಕ್ಕಪ್ಪನ ಮನೆಗೆ ನೀರು ನುಗ್ಗಿದ ದಾರಿ ಅದೇ. ಎಲ್ಲೂ ಸಿಗುವ ಸಣ್ಣ ವಸ್ತು, ಪ್ಲಂಬರಿಗೆ ನೀವೇ ನೆನಪಿಸಬೇಕು.

ಸಂಪ್ ಬಗ್ಗೆ ಯಾರೂ ಹೇಳದ ಒಂದು ವಿಷಯ. ಮಳೆಗಾಲದಲ್ಲಿ ಅದನ್ನು ಖಾಲಿ ಬಿಡಬೇಡಿ. ಸುತ್ತ ಮಣ್ಣೆಲ್ಲ ನೀರು ಕುಡಿದಾಗ ಖಾಲಿ ಸಂಪು ದೋಣಿಯ ಹಾಗೆ ಮೇಲಕ್ಕೆ ಎದ್ದು ಬರಬಹುದು. ತುಂಬಿಸಿ, ಮುಚ್ಚಳ ಬಿಗಿಯಾಗಿ ಹಾಕಿ.

ವಿದ್ಯುತ್ ಬೋರ್ಡು, ಯುಪಿಎಸ್ ಬ್ಯಾಟರಿ ಎಲ್ಲ ಗೆರೆಗಿಂತ ಮೇಲೆ. ತಾರಸಿಗೆ ಮೆಟ್ಟಿಲು ಮನೆಯೊಳಗಿಂದಲೇ ಇರಲಿ. ಕಾಂಪೌಂಡು ಇಡಿಯಾಗಿ ಗೋಡೆ ಕಟ್ಟುವ ಬದಲು ಕೆಳಭಾಗದಲ್ಲಿ ಕಿಂಡಿ ಬಿಡಿ. ಕಿಂಡಿ ಇಲ್ಲದ ಗೋಡೆ ಮೊದಲು ನೀರು ತಡೆಯುತ್ತದೆ, ಆಮೇಲೆ ಒಟ್ಟಿಗೇ ಮಗುಚಿಕೊಳ್ಳುತ್ತದೆ.

ವಿಮೆ ಮಾಡಿಸಿ. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳು ಭಾರತ್ ಗೃಹ ರಕ್ಷಾ ಅನ್ನುವ ಪಾಲಿಸಿ ಕೊಡುತ್ತಿವೆ. ಅದರಲ್ಲಿ ನೆರೆಯೂ ಸೇರಿದೆ. ಮನೆ ಮತ್ತೆ ಕಟ್ಟಲು ಎಷ್ಟು ಖರ್ಚು ಬರುತ್ತದೋ ಅಷ್ಟಕ್ಕೆ ಮಾಡಿಸಿ, ಜಾಗದ ಬೆಲೆ ಅದರಲ್ಲಿ ಸೇರುವುದಿಲ್ಲ.

ಹಂತ 7: ಪಕ್ಕದಲ್ಲಿ ಹೊಸ ಬಡಾವಣೆ ಬರುತ್ತಿದ್ದರೆ

ಜೆಸಿಬಿ ಬಂದ ಮೇಲೆ ಜಗಳ ಮಾಡಿ ಉಪಯೋಗ ಕಮ್ಮಿ. ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾಗಿ ಆಕ್ಷೇಪಣೆ ಕರೆದಾಗಲೇ ತಕರಾರು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ, ನಡಾವಳಿಯಲ್ಲಿ ಬರೆಸಿ.

ಮುಖ್ಯವಾಗಿ ತೋಡಿನ ಮೇಲೆ ಕಣ್ಣಿಡಿ. ಎಂಟು ಅಡಿ ಅಗಲ, ಮೂರು ಅಡಿ ಆಳದ ತೋಡನ್ನು ಮುಚ್ಚಿ ಎರಡು ಅಡಿಯ ಸಿಮೆಂಟ್ ಪೈಪು ಹಾಕಿ "ಮೋರಿ ಮಾಡಿದ್ದೀವಲ್ಲ" ಅಂತಾರೆ. ತೋಡಿನ ಬಾಯಿ 24 ಚದರ ಅಡಿ, ಪೈಪಿನ ಬಾಯಿ ಮೂರು ಚದರ ಅಡಿ ಚಿಲ್ಲರೆ. ಎಂಟರಲ್ಲಿ ಒಂದು ಪಾಲು. ಅದಕ್ಕೂ ಒಂದು ಬಿದಿರಿನ ಕಂತೆ ಅಡ್ಡ ಬಂದರೆ ಮುಗಿಯಿತು. ಅರ್ಜಿಯಲ್ಲಿ ಈ ಅಳತೆಗಳನ್ನೇ ಬರೆಯಿರಿ, ಟೇಪು ಹಿಡಿದ ಫೋಟೊ ಸೇರಿಸಿ. "ತುಂಬಾ ತೊಂದರೆಯಾಗುತ್ತಿದೆ" ಅಂತ ಬರೆದರೆ ಫೈಲಿಗೆ ಹೋಗುತ್ತದೆ. ಅಳತೆ ಬರೆದರೆ ಯಾರಾದರೂ ಬಂದು ಅಳೆಯಬೇಕಾಗುತ್ತದೆ.

ಹಂತ 8: ಕಕ್ಕಡದಲ್ಲಿ ಏನು ಮಾಡಬೇಕು

ಕಕ್ಕಡ ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು, ಜೋರು ಮಳೆಯ ಕಾಲ. ಅದಕ್ಕೆ ಸಿದ್ಧತೆ ಮಾಡುವ ಕಾಲ ಜೂನ್. ಕಾಗದಪತ್ರ, ಮಾತ್ರೆ, ಒಂದು ಜೊತೆ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಕಾರನ್ನು ಮೇಲಿನ ಬೀದಿಯಲ್ಲಿ ಯಾರ ಮನೆ ಹತ್ತಿರ ನಿಲ್ಲಿಸುವುದು ಅಂತ ಮೊದಲೇ ಮಾತಾಡಿಕೊಳ್ಳಿ.

ಭಾಗಮಂಡಲ–ನಾಪೋಕ್ಲು ರಸ್ತೆಗೆ ನೀರು ಬಂತು ಅನ್ನುವ ಸುದ್ದಿ ಕೇಳಿದರೆ ಅದು ನಿಮಗೆ ಮೊದಲ ಎಚ್ಚರಿಕೆ ಗಂಟೆ. ಕರಡಿಗೋಡಿನಲ್ಲಿ ಜನರನ್ನು ಖಾಲಿ ಮಾಡಿಸುತ್ತಿದ್ದಾರೆ ಅಂದರೆ ಎರಡನೆಯದು. ಅದಕ್ಕೇ ಮೇಲಿನ ಊರಿನಲ್ಲಿ ಒಬ್ಬ ನೆಂಟರೋ ಗೆಳೆಯರೋ ಇರಬೇಕು. ವಾಟ್ಸಾಪ್ ಗ್ರೂಪಿನಲ್ಲಿ ಬರುವ ಹಳೇ ವಿಡಿಯೊ ನಂಬಬೇಡಿ, ಅವರಿಗೇ ಫೋನ್ ಮಾಡಿ. ಹಾರಂಗಿಯ ಹೊರಹರಿವಿನ ಪ್ರಕಟಣೆ ನೋಡುತ್ತಿರಿ. ಸಹಾಯಕ್ಕೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077, ಇಲ್ಲವೇ 112.

ಹೊರಡುವಾಗ ಮೇನ್ ಸ್ವಿಚ್ ಆಫ್ ಮಾಡಿ, ಗ್ಯಾಸ್ ಸಿಲಿಂಡರ್ ಕಟ್ಟಿಹಾಕಿ. ಹರಿಯುವ ನೀರು ಒಂದು ಅಡಿ ಇದ್ದರೂ ಸಣ್ಣ ಕಾರು ತೇಲುತ್ತದೆ, ರಸ್ತೆ ಕಾಣುತ್ತಿದೆಯಲ್ಲ ಅಂತ ನುಗ್ಗಿಸಬೇಡಿ.

ವಾಪಸ್ ಬಂದಾಗ ಪೊರಕೆ ಹಿಡಿಯುವ ಮುಂಚೆ ಫೋಟೊ. ಗೋಡೆಗೆ ಟೇಪು ಹಿಡಿದು ಗೆರೆಯ ಎತ್ತರ ಕಾಣುವ ಹಾಗೆ ತೆಗೆಯಿರಿ. ಗ್ರಾಮ ಆಡಳಿತ ಅಧಿಕಾರಿ ಮಹಜರಿಗೆ ಬಂದಾಗ ಅದೇ ಸಾಕ್ಷಿ. ಎಲೆಕ್ಟ್ರಿಷಿಯನ್ ನೋಡುವವರೆಗೆ ಸ್ವಿಚ್ ಮುಟ್ಟಬೇಡಿ. ಬಾವಿಯ ನೀರು ಪೂರ್ತಿ ಹೊರಹಾಕಿ, ಹೊಸ ನೀರು ಬಂದ ಮೇಲೆ ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪೌಡರ್ ಹಾಕಿ, ಒಂದು ಗಂಟೆಯಾದರೂ ಬಿಡಿ. ನೀರು ಆಮೇಲೂ ಕದಡಿದ್ದರೆ ಆರೋಗ್ಯ ಕಾರ್ಯಕರ್ತರನ್ನು ಕೇಳದೆ ಕುಡಿಯಬೇಡಿ. ಕೆಸರಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ಜ್ವರ ಬಂದರೆ ಇಲಿ ಜ್ವರ ಇರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ.

ಚಿಕ್ಕಪ್ಪ ಮನೆಗೆ ಮತ್ತೆ ಬಣ್ಣ ಹೊಡೆಸಿದರು. ಸ್ಟೋರ್ ರೂಮೊಂದನ್ನು ಬಿಟ್ಟರು. ಫ್ರಿಜ್ಜು ಈಗ ಮೂರು ಅಡಿಯ ಕಲ್ಲಿನ ಕಟ್ಟೆ ಮೇಲಿದೆ. ಮೈಸೂರಿನ ದಂಪತಿಯೊಬ್ಬರು ಒಂದು ಫೆಬ್ರವರಿಯಲ್ಲಿ ಮನೆ ಕೊಳ್ಳಲು ಬಂದರು. ಬೆಲೆ, ಗಾಳಿ, ಹೊಳೆ ಎಲ್ಲ ಹಿಡಿಸಿತು. ಆ ಹೆಂಗಸು ಮಾತ್ರ ಕಟ್ಟೆ ನೋಡಿ, "ಫ್ರಿಜ್ ಯಾಕೆ ಅಷ್ಟು ಎತ್ತರದಲ್ಲಿಟ್ಟಿದ್ದೀರಾ ಅಂಕಲ್?" ಅಂತ ಕೇಳಿದರು. ಚಿಕ್ಕಪ್ಪ ಏನೂ ಹೇಳದೆ ಸ್ಟೋರ್ ರೂಮಿನ ಲೈಟು ಹಾಕಿದರು.